ಬೆಂಗೇರಿಯ ಲ್ಯಾಪ್‌ಟಾಪುಗಳಿಗೆ ವೈಫೈ ಬಂದದ್ದು

ಪರದೆಯ ಬಲತುದಿಯಲ್ಲಿ ವೈಫೈ ಗುರುತು ಇರಬೇಕಾದ ಜಾಗ ಖಾಲಿಯಾಗಿತ್ತು. ಗುರುತಿನ ಮೇಲೆ ಗೀಟು ಬಿದ್ದಿದ್ದರೆ, ಇಲ್ಲವೇ ಅದು ಮಸುಕಾಗಿದ್ದರೆ ಏನೋ ಒಂದು ತಿಳಿಯುತ್ತಿತ್ತು. ಇಲ್ಲಿ ಗುರುತೇ ಇರಲಿಲ್ಲ. ಪಕ್ಕದ ಲ್ಯಾಪ್‌ಟಾಪಿನಲ್ಲೂ ಇಲ್ಲ, ಅದರ ಪಕ್ಕದ್ದರಲ್ಲೂ ಇಲ್ಲ. ಸಾಲಿನ ಕೊನೆಯವರೆಗೆ ಹೋಗಿ, ಒಂದೊಂದರ ಮುಂದೆಯೂ ಬಗ್ಗಿ ನೋಡಿ, ತಿರುಗಿ ಬಂದೆ.

"ಏನಾತ್ರಿ ಅಕ್ಕೋರ?" ಬಾಗಿಲಲ್ಲಿ ನಿಂತಿದ್ದ ಭವನದ ಕಾರ್ಯದರ್ಶಿಗಳು ಕೇಳಿದರು. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅವರು ಅಲ್ಲಿಗೆ ಬರುವವರಿಗೆಲ್ಲ ಕಾಕಾ.

"ಎಲ್ಲಾ ಛಲೋ ಆಗೇತ್ರಿ ಕಾಕಾ. ವೈಫೈ ಒಂದು ಕಾಣವಲ್ದು."

"ಯಾವುದರಾಗ?"

"ಯಾವುದರಾಗೂ."

ಬೆಂಗೇರಿಯ ಆ ಸಮುದಾಯ ಭವನದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವವರಿಗೆ ಉಚಿತ ತರಗತಿ ನಡೆಯುತ್ತದೆ. ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಕೆಲಗೇರಿಯ ನಮ್ಮ ಮನೆಯಿಂದ ಬಸ್ಸು ಹಿಡಿದು ಬಂದು ಇಲ್ಲಿ ಲೆಕ್ಕ ಮತ್ತು ತರ್ಕ ಹೇಳಿಕೊಡುತ್ತೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ಮುಗಿಸಿ, ಅಡುಗೆ ಮುಗಿಸಿ ಬರುವವರು. ಆ ಸಲ ಅವರು ಬರೆಯಬೇಕಾಗಿದ್ದ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುವುದಿತ್ತು. ನಮ್ಮ ತರಗತಿಯ ಅರ್ಧದಷ್ಟು ಜನ ಮೌಸ್ ಹಿಡಿದವರಲ್ಲ.

ಅವರಲ್ಲಿ ಒಬ್ಬರು ಬಸ್ ಕಂಡಕ್ಟರ್. ಟಿಕೆಟ್ ಯಂತ್ರದ ಮೇಲೆ ಅವರ ಬೆರಳು ನೋಡದೆಯೇ ಓಡುತ್ತದೆ, ಆದರೆ ಹಿಂದೊಮ್ಮೆ ಇಂಥದ್ದೇ ಪರೀಕ್ಷೆಗೆ ಹೋಗಿ ಸೋತು ಬಂದಿದ್ದರು. "ಉತ್ತರ ಗೊತ್ತಿದ್ವು ಅಕ್ಕೋರ, ಎಲ್ಲಿ ಒತ್ತಬೇಕು ತಿಳೀಲಿಲ್ಲ. ಒತ್ತಿದ್ದು ಉಳೀತೋ ಹೋತೋ ಅದೂ ತಿಳೀಲಿಲ್ಲ." ಎಂದು ನಗುತ್ತಲೇ ಹೇಳಿದ್ದರು. ವಯಸ್ಸಿನ ಮಿತಿಯ ಪ್ರಕಾರ ಅವರಿಗೆ ಇದೇ ಕೊನೆಯ ಅವಕಾಶ. ಆ ನಗು ನನಗೆ ಸಮಾಧಾನ ಕೊಡಲಿಲ್ಲ.

ಹೀಗಾಗಿ ನಿಜವಾದ ಪರೀಕ್ಷೆಗೆ ಮೊದಲು ಭವನದಲ್ಲೇ ಒಂದು ಅಣಕು ಪರೀಕ್ಷೆ ನಡೆಸೋಣವೆಂದು ನಿರ್ಧರಿಸಿದೆವು. ಊರಿನ ಒಂದು ಕಚೇರಿಯವರು ಹಳೆಯ ಲ್ಯಾಪ್‌ಟಾಪುಗಳನ್ನು ಕೊಟ್ಟರು. ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕರು ಪ್ರಶ್ನೆಗಳ ಪುಟಗಳನ್ನು ಸಿದ್ಧಪಡಿಸಿ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಟ್ಟು, ತಾವು ತರಬೇತಿಗೆಂದು ಬೇರೆ ಊರಿಗೆ ಹೋದರು. ಭವನದಲ್ಲಿ ವೈಫೈ ಇತ್ತು. ಉಳಿದ ಲ್ಯಾಪ್‌ಟಾಪುಗಳು ಅದರ ಮೂಲಕ ನನ್ನದನ್ನು ತಲುಪಿದರೆ ಪ್ರಶ್ನೆಪತ್ರಿಕೆ ಎಲ್ಲರ ಮುಂದೆ ತೆರೆದುಕೊಳ್ಳುತ್ತದೆ. ಯೋಜನೆ ಅಷ್ಟೇ.

ಕಚೇರಿಯವರು ತಮ್ಮ ಮಾಹಿತಿಯನ್ನೆಲ್ಲ ಅಳಿಸಿ ಕೊಟ್ಟಿದ್ದರಿಂದ ಲ್ಯಾಪ್‌ಟಾಪುಗಳ ಒಳಗೆ ಏನೂ ಇರಲಿಲ್ಲ. "ಲಿನಕ್ಸ್ ಹಾಕೋಣ, ಪುಕ್ಕಟೆ ಸಿಗತೈತಿ, ಹಳೇ ಮಶೀನಿಗೂ ಹಗುರ" ಎಂದವಳು ನಾನೇ. ಕಂಪ್ಯೂಟರನ್ನು ನಡೆಸುವ ಆ ಮೂಲ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಒಮ್ಮೆ ಹಾಕಿದ್ದೆ. ಒಂದು ತೊಂದರೆಯೂ ಇಲ್ಲದೆ ಕೆಲಸ ಮುಗಿದಿದ್ದರಿಂದ ನನಗೆ ಈ ವಿದ್ಯೆ ಬಂದಿದೆ ಎಂದೇ ನಂಬಿದ್ದೆ. ಮನೆಯ ಕಂಪ್ಯೂಟರಿಗೆ ನೆಟ್ ಬರುವುದು ವಯರಿನ ಮೂಲಕ, ವೈಫೈ ಜೊತೆ ನಾನು ಎಂದೂ ಸೆಣಸಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ.

ಪೆನ್‌ಡ್ರೈವಿನಿಂದ ಒಂದೊಂದಕ್ಕೂ ಲಿನಕ್ಸ್ ಹಾಕಿ ಮುಗಿಸಿದ ದಿನವೇ ಈ ಖಾಲಿ ಜಾಗ ಕಣ್ಣಿಗೆ ಬಿದ್ದದ್ದು. ಮುಂದಿನ ಭಾನುವಾರ ಅಣಕು ಪರೀಕ್ಷೆ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಕಂಡಕ್ಟರ್ ಅಂದಿನ ಪಾಳಿಯನ್ನೂ ಬದಲಾಯಿಸಿಕೊಂಡಿದ್ದರು.

ಮೊದಲು ನಾನು ಅನುಮಾನಿಸಿದ್ದು ರೂಟರನ್ನು. ಅದನ್ನು ಆರಿಸಿ ಹಚ್ಚಿದೆ. ನನ್ನ ಫೋನಿಗೆ ವೈಫೈ ಸರಾಗವಾಗಿ ಸಿಕ್ಕಿತು, ಕಾಕಾ ಅವರ ಫೋನಿಗೂ ಸಿಕ್ಕಿತು. ಅಂದರೆ ದೋಷ ಇರುವುದು ಲ್ಯಾಪ್‌ಟಾಪಿನಲ್ಲಿ. ಎಲ್ಲವೂ ಒಂದೇ ಮಾದರಿಯವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದಿತ್ತು.

ಆಮೇಲೆ ಹೊಸಬರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಫೋನಿನಲ್ಲಿ "ಲಿನಕ್ಸಿನಲ್ಲಿ ವೈಫೈ ಬರುತ್ತಿಲ್ಲ" ಎಂದು ಹುಡುಕಿದೆ. ಎಲ್ಲೆಲ್ಲಿಯವರೋ ಏನೇನೋ ಪರಿಹಾರ ಬರೆದಿದ್ದರು. ಅವರ ಕಂಪ್ಯೂಟರ್ ಯಾವುದು, ನಮ್ಮದು ಯಾವುದು ಎಂದು ನೋಡುವ ತಾಳ್ಮೆ ಇರಲಿಲ್ಲ. ಅವರು ಕೊಟ್ಟ ಆಜ್ಞೆಗಳನ್ನು ಒಂದೊಂದಾಗಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡುತ್ತ ಹೋದೆ. ಒಂದು ಲ್ಯಾಪ್‌ಟಾಪಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಯಾವುದರಲ್ಲಿ ಏನು ಮಾಡಿದೆ ಎಂಬುದೇ ಸ್ವಲ್ಪ ಹೊತ್ತಿನಲ್ಲಿ ಮರೆತುಹೋಯಿತು.

ಒಂದು ಆಜ್ಞೆ, ಇರುವ ಹಳೆಯ ತಂತ್ರಾಂಶವನ್ನು ಕಿತ್ತುಹಾಕುವಂಥದ್ದು. ಅದನ್ನು ಕೊಟ್ಟೊಡನೆ ಪರದೆಯ ತುಂಬ ಏನೇನೋ ಹೆಸರುಗಳು ಬಂದು, ಇವನ್ನೆಲ್ಲ ತೆಗೆಯಲೇ ಎಂದು ಲಿನಕ್ಸ್ ಕೇಳಿತು. ಪಾಪ, ಅದು ಕೇಳಿಯೇ ಮಾಡಿತು. ನಾನು ಓದದೆ ಹೌದು ಎಂದು ಒತ್ತಿದೆ. ಮರುಚಾಲನೆ ಮಾಡಿದಾಗ ಕಿಟಕಿಗಳಿಲ್ಲ, ಚಿತ್ರಗಳಿಲ್ಲ, ಮೌಸಿನ ಬಾಣವೂ ಇಲ್ಲ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಒಂದೇ ಸಾಲು.

ಕಾಕಾ ಬಗ್ಗಿ ನೋಡಿದರು. "ಮೊದಲ ವೈಫೈ ಒಂದ ಇರಲಿಲ್ಲ. ಈಗ?"

"ಈಗ ಏನೂ ಇಲ್ರಿ."

"ಆತು ಬಿಡ್ರಿ. ಇವತ್ತಿಗೆ ಇಷ್ಟ ಸಾಕು. ಉಳದವನ್ನ ಮುಟ್ಟಬ್ಯಾಡ್ರಿ" ಎಂದು ಗಂಭೀರವಾಗಿ ಹೇಳಿ, ಹೊರಗೆ ಹೋಗಿ ನಕ್ಕರು. ನನಗೆ ಕೇಳಿಸಿತು.

ಮರುದಿನ ಶಾಲೆ ಬಿಟ್ಟ ಮೇಲೆ ಧಾರವಾಡದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಯುಎಸ್‌ಬಿ ತೂತಿಗೆ ಸಿಕ್ಕಿಸುವ, ಉಗುರಿನಷ್ಟು ದೊಡ್ಡ ವೈಫೈ ಸಾಧನವೊಂದನ್ನು ಅಂಗಡಿಯವರು ಕೊಟ್ಟರು. "ಹಚ್ಚಿದ್ರ ಮುಗೀತ್ರಿ, ಮತ್ತೇನೂ ಮಾಡೂದಿಲ್ಲ." ಬಸ್ಸಿನಲ್ಲಿ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದೆ. ಹಚ್ಚಿದೆ. ಪರದೆಯ ಮೇಲೆ ಹೊಸದೊಂದು ಚಿತ್ರ ಮೂಡಿತು. ಸಂತೋಷದಿಂದ ನೋಡಿದರೆ ಅದು ವೈಫೈ ಗುರುತಲ್ಲ, ಸಿ.ಡಿ.ಯ ಗುರುತು! ಆ ಪುಟ್ಟ ಸಾಧನ ತನ್ನೊಳಗೆ ಲಿನಕ್ಸ್ ಅಲ್ಲದ ಕಂಪ್ಯೂಟರುಗಳಿಗೆಂದು ಇಟ್ಟಿದ್ದ ತಂತ್ರಾಂಶವನ್ನು ತೋರಿಸುತ್ತ, ನಾನೊಂದು ಸಿ.ಡಿ. ಎಂದು ಪರಿಚಯ ಹೇಳಿಕೊಂಡಿತ್ತು. ಲಿನಕ್ಸ್ ಅದನ್ನು ನಂಬಿ ಸುಮ್ಮನೆ ಕೂತಿತ್ತು. ಅದನ್ನು ತೆಗೆದು ಪರ್ಸಿಗೆ ಹಾಕಿಕೊಂಡೆ.

ಇಷ್ಟರಲ್ಲಿ ಕಾಕಾ ತಮ್ಮದೇ ಯೋಜನೆ ಹಾಕಿದ್ದರು. ವಾರದ ನಡುವೆ ನಾನು ಭವನಕ್ಕೆ ಬಂದಾಗ ಮೇಜಿನ ಮೇಲೆ ನೆಟ್‌ವರ್ಕ್ ವಯರಿನ ದೊಡ್ಡ ಸುರುಳಿ ಇತ್ತು. ಅವರು ಕನ್ನಡಕ ಹಣೆಗೇರಿಸಿ, ವಯರಿನ ತುದಿಗೆ ಪ್ಲಗ್ ಕೂಡಿಸುತ್ತ ಕುಳಿತಿದ್ದರು.

"ಗಾಳ್ಯಾಗಿಂದು ನೆಚ್ಚಿಕೊಂಡ್ರ ಹಿಂಗ ಆಗೂದು ಅಕ್ಕೋರ. ಕಣ್ಣಿಗೆ ಕಾಣೂ ವಯರ್ ಎಳದ್ರ ಚಿಂತಿ ಇಲ್ಲ. ಎಲ್ಲಾದಕ್ಕೂ ಎಳದ ಬಿಡೂಣು."

"ರೂಟರಿಗೆ ಇರೂದು ನಾಕ ತೂತಲ್ರಿ ಕಾಕಾ?"

"ತೂತು ಹೆಚ್ಚ ಮಾಡೂ ಪೆಟ್ಟಿಗಿ ಬರ್ತಾವ."

"ಮತ್ತ ಮಂದಿ ಓಡಾಡೂ ಹಾದಿ? ಹೋದ ಕಾರ್ಯಕ್ರಮದಾಗ ಮೈಕಿನ ವಯರಿಗೆ ಕಾಲ ಸಿಕ್ಕು ಯಾರ ಬಿದ್ರು, ನೆನಪೈತಿಲ್ರಿ?"

ಬಿದ್ದವರು ಸ್ವತಃ ಕಾಕಾ. ಅವರು ಪ್ಲಗ್ಗನ್ನು ಒತ್ತಿ ಕೂಡಿಸಿ, ಒಂದು ತುದಿಯನ್ನು ರೂಟರಿಗೆ, ಇನ್ನೊಂದನ್ನು ಹತ್ತಿರದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಪರದೆಯಲ್ಲಿ ಕೂಡಲೇ ಸಂಪರ್ಕದ ಗುರುತು ಬಂತು. ನೆಟ್ ಬಂತು. "ನೋಡ್ರಿ!" ಎಂದರು.

ನಾನು ನೋಡಿದೆ. ಆದರೆ ನನಗೆ ಹೊಳೆದದ್ದು ಬೇರೆ. ಲ್ಯಾಪ್‌ಟಾಪಿಗೆ ವೈಫೈ ಬರಬೇಕಾದರೆ ಏನೋ ಒಂದನ್ನು ನೆಟ್ಟಿನಿಂದ ತರಬೇಕಾಗಿತ್ತು. ನೆಟ್ ಬರಬೇಕಾದರೆ ವೈಫೈ ಬೇಕಾಗಿತ್ತು. ಈ ಸುತ್ತಿನಲ್ಲೇ ನಾನು ಅಷ್ಟು ದಿನ ತಿರುಗುತ್ತಿದ್ದೆ. ಕಾಕಾ ಅವರ ಒಂದೇ ವಯರು ಆ ಸುತ್ತನ್ನು ಕತ್ತರಿಸಿತ್ತು. ಎಲ್ಲ ಲ್ಯಾಪ್‌ಟಾಪುಗಳಿಗೆ ಶಾಶ್ವತವಾಗಿ ವಯರು ಬೇಕಿಲ್ಲ. ಒಂದೊಂದಕ್ಕೂ ಸ್ವಲ್ಪ ಹೊತ್ತು ಸಿಕ್ಕರೆ ಸಾಕು.

"ಕಾಕಾ, ಈ ವಯರ್ ನನಗ ಕೊಡ್ರಿ. ಪೆಟ್ಟಿಗಿ ತರಬ್ಯಾಡ್ರಿ. ಇವತ್ತ ಇದೊಂದ ಲ್ಯಾಪ್‌ಟಾಪ್ ಮುಂದ ಕೂಡ್ತೇನಿ, ಬ್ಯಾರೇದನ್ನ ಮುಟ್ಟೂದಿಲ್ಲ."

ಅದೇ ನಾನು ಆ ವಾರ ತೆಗೆದುಕೊಂಡ ಸರಿಯಾದ ಮೊದಲ ನಿರ್ಧಾರ. ಒಂದೇ ಯಂತ್ರ, ಒಂದು ಸಲಕ್ಕೆ ಒಂದೇ ಬದಲಾವಣೆ, ಪರದೆ ಏನು ಹೇಳುತ್ತದೋ ಅದನ್ನು ಪೂರ್ತಿ ಓದದೆ ಮುಂದೆ ಹೋಗುವುದಿಲ್ಲ. ಗಣಿತದಲ್ಲಿ ಮಕ್ಕಳಿಗೆ ನಾನು ದಿನವೂ ಹೇಳುವುದು ಇದನ್ನೇ: ಉತ್ತರಕ್ಕೆ ಹಾರಬೇಡಿ, ಏನು ಕೊಟ್ಟಿದ್ದಾರೆ ಅದನ್ನು ಮೊದಲು ಬರೆದುಕೊಳ್ಳಿ.

ಕೊಟ್ಟದ್ದು ಏನು? ಲ್ಯಾಪ್‌ಟಾಪಿನ ಒಳಗೆ ವೈಫೈ ಕಾರ್ಡ್ ಇದೆಯೋ ಇಲ್ಲವೋ ಅದೇ ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಲು ಒಂದು ಆಜ್ಞೆ ಇದೆ: lspci -nnk. ಇದು ಯಾವುದನ್ನೂ ಬದಲಿಸುವುದಿಲ್ಲ, ಒಳಗೆ ಏನೇನಿದೆ ಎಂದು ತೋರಿಸುತ್ತದೆ ಅಷ್ಟೇ. ಸಾಲುಗಳನ್ನು ನಿಧಾನವಾಗಿ ಓದಿದೆ. ಕಾರ್ಡ್ ಇತ್ತು. ಅದರ ಹೆಸರಿತ್ತು, ಹೆಸರಿನ ಮುಂದೆ ಚೌಕ ಕಂಸದಲ್ಲಿ ಅದರ ಗುರುತಿನ ಸಂಖ್ಯೆ ಇತ್ತು. ವಯರಿನ ಕಾರ್ಡಿನ ಕೆಳಗೆ, ಇದನ್ನು ಇಂಥ ಡ್ರೈವರ್ ನಡೆಸುತ್ತಿದೆ ಎಂಬ ಒಂದು ಸಾಲಿತ್ತು. ವೈಫೈ ಕಾರ್ಡಿನ ಕೆಳಗೆ ಆ ಸಾಲು ಇರಲಿಲ್ಲ.

ಆ ಹೊತ್ತಿಗೆ ಕಂಡಕ್ಟರ್ ಪಾಳಿ ಮುಗಿಸಿ, ಖಾಕಿಯಲ್ಲೇ ಒಳಗೆ ಬಂದರು. ಅವರ ಜೊತೆ ತರಗತಿಯ ಇನ್ನೊಬ್ಬರು, ಬೆಂಗೇರಿಯಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳು. ನಾನು ಕಂಡದ್ದನ್ನು ಇಬ್ಬರಿಗೂ ಹೇಳಿದೆ. ಡ್ರೈವರ್ ಅಂದರೆ ಆ ಕಾರ್ಡನ್ನು ನಡೆಸಲು ಬೇಕಾದ ತಂತ್ರಾಂಶ, ಕಾರ್ಡ್ ಇದೆ, ಆದರೆ ಅದನ್ನು ನಡೆಸುವ ಡ್ರೈವರ್ ಲಿನಕ್ಸಿನ ಜೊತೆ ಬಂದಿಲ್ಲ ಎಂದೆ.

"ಅಂದ್ರ ಬಸ್ ಡಿಪೋದಾಗ ನಿಂತೈತಿ, ಡ್ರೈವರ್ ಡ್ಯೂಟಿಗೆ ಬಂದಿಲ್ಲ. ಇಷ್ಟ ಅಲ್ಲೇನ್ರಿ?" ಎಂದರು ಕಂಡಕ್ಟರ್.

"ಇಷ್ಟ."

"ಇದನ್ನ ಮೊದಲ ಹೇಳೂದಲ್ರಿ? ನಾ ಏನೋ ಭಾಳ ದೊಡ್ಡದು ಅಂದ್ಕೊಂಡಿದ್ನಿ."

ಕಾರ್ಡಿನ ಸಂಖ್ಯೆಯನ್ನೇ ಕೊಟ್ಟು ಹುಡುಕಿದಾಗ, ಹಿಂದಿನ ಗದ್ದಲದ ಬದಲು ಒಂದೇ ಉತ್ತರ ಎಲ್ಲ ಕಡೆಯೂ ಸಿಕ್ಕಿತು. ಈ ಕಾರ್ಡಿನ ಡ್ರೈವರನ್ನು ಅದರ ಕಂಪನಿಯವರೇ ಕೊಡುತ್ತಾರೆ. ಅದು ಎಲ್ಲರೂ ತೆರೆದು ನೋಡಬಹುದಾದ ಬಗೆಯದ್ದಲ್ಲವಾದ್ದರಿಂದ ಲಿನಕ್ಸ್ ತಾನಾಗಿ ಅದನ್ನು ಹಾಕಿಕೊಳ್ಳುವುದಿಲ್ಲ. ನಾವು ಕೇಳಿ ಹಾಕಿಸಬೇಕು. ಲಿನಕ್ಸಿನ ಸೆಟ್ಟಿಂಗುಗಳಲ್ಲಿ ಡ್ರೈವರ್ ಮ್ಯಾನೇಜರ್ ಎಂದೇ ಒಂದು ಕಿಟಕಿ ಇತ್ತು. ಮೊದಲ ದಿನ ನಾನದನ್ನು ತೆರೆದಿದ್ದೆ, ನೆಟ್ ಇಲ್ಲದ್ದರಿಂದ ಖಾಲಿಯಾಗಿತ್ತು. ಈಗ ವಯರು ಸಿಕ್ಕಿಸಿ ತೆರೆದರೆ ಆ ಕಾರ್ಡಿನ ಹೆಸರು, ಅದರ ಮುಂದೆ ಇದನ್ನು ಹಾಕಬಹುದು ಎಂಬ ಶಿಫಾರಸು. ಮೌಸಿನಿಂದ ಆಯ್ದು ಒತ್ತಿದೆ. ನಡುವೆ ಒಂದು ಪಾಸ್‌ವರ್ಡ್ ಹೊಸದಾಗಿ ಕೊಡಿ ಎಂದಿತು, ಕೊಟ್ಟೆ. ಮರುಚಾಲನೆ ಮಾಡಿ ಎಂದಿತು, ಮಾಡಿದೆ.

ಲ್ಯಾಪ್‌ಟಾಪ್ ಏಳುವ ಮೊದಲೇ ನೀಲಿ ಪರದೆಯೊಂದು ಬಂತು. ನೀಲಿ ಪರದೆ ಎಂದರೆ ಕಂಪ್ಯೂಟರ್ ಕೆಟ್ಟಿತು ಎಂದು ಬಹಳ ಹಿಂದಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಗಾಬರಿಯಾಗಿ ಮೊದಲನೆಯ ಆಯ್ಕೆಯನ್ನೇ ಒತ್ತಿ ಮುಂದೆ ಹೋದೆ. ಪೂರ್ತಿ ಓದುತ್ತೇನೆ ಎಂದು ನಿರ್ಧರಿಸಿ ಇನ್ನೂ ಎರಡು ತಾಸೂ ಆಗಿರಲಿಲ್ಲ.

ವೈಫೈ ಬರಲಿಲ್ಲ.

ಹೊಲಿಗೆಯವರು ಮೆಲ್ಲಗೆ ಕೇಳಿದರು: "ಅದು ನೀಲಿದು ಏನೋ ಕೇಳಾಕತ್ತಿತ್ತಲ್ರಿ ಅಕ್ಕೋರ? ನೀವು ಲಗೂನ ಒತ್ತಿದ್ರಿ. ನನಗ ಓದಾಕ ಆಗಲಿಲ್ಲ."

"ನಾನೂ ಓದಲಿಲ್ಲವಾ" ಎಂದೆ. ಮೂವರೂ ನಕ್ಕೆವು.

ಈ ಸಲ ಊಹಿಸದೆ, ಡ್ರೈವರನ್ನು ಕೈಯಾರೆ ಚಾಲೂ ಮಾಡುವ ಆಜ್ಞೆ ಕೊಟ್ಟು ಅದು ಏನು ಹೇಳುತ್ತದೆ ನೋಡಿದೆ. ಕೀಲಿಯನ್ನು, ಅಂದರೆ ಡ್ರೈವರಿನ ಮೊಹರನ್ನು, ಒಪ್ಪಲಾಗುವುದಿಲ್ಲ ಎಂಬ ಅರ್ಥದ ಒಂದು ಸಾಲು ಬಂತು. ಅದನ್ನೇ ಹುಡುಕಿದಾಗ ನೀಲಿ ಪರದೆಯ ಗುಟ್ಟು ತಿಳಿಯಿತು. ಈ ಲ್ಯಾಪ್‌ಟಾಪುಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಇದೆ. ತನಗೆ ಪರಿಚಯವಿಲ್ಲದ ಮೊಹರಿನ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಹೊಸ ಡ್ರೈವರಿನ ಮೊಹರನ್ನು ಒಪ್ಪಿಕೋ ಎಂದು ಯಂತ್ರದ ಮುಂದೆ ಕೂತ ಮನುಷ್ಯರೇ ಹೇಳಬೇಕು. ಹೇಳುವ ಜಾಗವೇ ಆ ನೀಲಿ ಪರದೆ. ಮೊದಲು ಕೊಟ್ಟ ಪಾಸ್‌ವರ್ಡ್ ಅಲ್ಲಿ ಕೇಳುತ್ತಾರೆ.

"ಡ್ರೈವರ್ ಬಂದಾನ, ಗೇಟಿನ್ಯಾಗ ಬಿಡವಲ್ರು" ಎಂದರು ಕಂಡಕ್ಟರ್. "ಐಡಿ ಕಾರ್ಡ್ ತೋರಸ್ರಿ."

ಮೊಹರು ಸೇರಿಸುವ ಕೋರಿಕೆಯನ್ನು ಟರ್ಮಿನಲ್‌ನಿಂದ ಮತ್ತೊಮ್ಮೆ ಕೊಟ್ಟು ಮರುಚಾಲನೆ ಮಾಡಿದೆ. ನೀಲಿ ಪರದೆ ಬಂತು. ಈ ಸಲ ಮೂವರೂ ಬಗ್ಗಿ, ಗಟ್ಟಿಯಾಗಿ ಓದಿದೆವು. ಎರಡನೆಯ ಆಯ್ಕೆ ಮೊಹರನ್ನು ಸೇರಿಸುವುದು. ಅದನ್ನು ಆಯ್ದು, ಹೌದು ಎಂದು, ಪಾಸ್‌ವರ್ಡ್ ಕೊಟ್ಟೆ. ಟೈಪ್ ಮಾಡಿದ ಅಕ್ಷರ ಅಲ್ಲಿ ಕಾಣುವುದಿಲ್ಲ, ಕಾಣದಿದ್ದರೂ ಒಳಗೆ ಹೋಗುತ್ತಿರುತ್ತದೆ. ಲ್ಯಾಪ್‌ಟಾಪ್ ಎದ್ದಿತು. ನಾನು ವಯರನ್ನು ಕಿತ್ತೆ.

ಬಲತುದಿಯಲ್ಲಿ ವೈಫೈ ಗುರುತು ಇತ್ತು. ಒತ್ತಿದರೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳೆಲ್ಲ ಸಾಲಾಗಿ ಬಂದವು. ಯಾರೋ ತಮ್ಮದಕ್ಕೆ "ಕೇಳಬ್ಯಾಡ್ರಿ ಕೊಡೂದಿಲ್ಲ" ಎಂದು ಹೆಸರಿಟ್ಟಿದ್ದರು. ಅದನ್ನು ನೋಡಿ ಹೊಲಿಗೆಯವರು ನಕ್ಕ ಸದ್ದಿಗೆ ಕಾಕಾ ಓಡಿಬಂದರು. ಅವರು ಪರದೆ ನೋಡಿದರು, ಕೆಳಗೆ ಬಿದ್ದಿದ್ದ ವಯರನ್ನು ನೋಡಿದರು. "ನನ್ನ ವಯರಿಂದ ಆತು" ಎಂದರು. ಸುಳ್ಳಲ್ಲ, ನಾನು ಒಪ್ಪಿದೆ.

ಇನ್ನು ಉಳಿದವುಗಳಿಗೆ ಅದನ್ನೇ ಮಾಡುವುದು. ನಾನು ತೋಳು ಮೇಲೇರಿಸಿ ಎರಡನೆಯ ಲ್ಯಾಪ್‌ಟಾಪಿನ ಮುಂದೆ ಕೂತೆ. ಕಂಡಕ್ಟರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮೌಸ್ ಅವರ ಕೈಯ ಹತ್ತಿರವೇ ಇತ್ತು, ಅವರು ಅದಕ್ಕೆ ತಾಗದಂತೆ ಸ್ವಲ್ಪ ದೂರ ಸರಿದರು. ಅದನ್ನು ನೋಡಿ ನಾನು ಎದ್ದುಬಿಟ್ಟೆ.

"ನೀವು ಕುಂದರ್ರಿ."

"ನಾನಾ? ಬ್ಯಾಡ್ರಿ ಅಕ್ಕೋರ, ಎಲ್ಯಾರ ಕೆಟ್ಟೀತು."

"ನಾ ಒಂದನ್ನ ಪೂರಾ ಕೆಡಿಸಿ ಇಟ್ಟೇನಿ, ಅಲ್ಲಿ ಮೂಲ್ಯಾಗ ಐತಿ ನೋಡ್ರಿ. ಅದಕ್ಕಿಂತ ಹೆಚ್ಚ ಕೆಡಸಾಕ ನಿಮಗ ಆಗೂದಿಲ್ಲ. ಕುಂದರ್ರಿ."

ಅವರು ಕೂತರು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ, ಇಲ್ಲದಿದ್ದರೆ ನಡುವೆ ಬಾಯಿಗಿಂತ ಮೊದಲು ಕೈ ಹೋಗುತ್ತಿತ್ತು. ಬಾಣ ಪರದೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಓಡಿತು, ಹೊರಗೆ ಹೋಯಿತು, ತಿರುಗಿ ಬಂತು. ಕೊನೆಗೆ ಡ್ರೈವರ್ ಮ್ಯಾನೇಜರಿನ ಮೇಲೆ ಕೂತಿತು. ಎರಡು ಸಲ ಒತ್ತಬೇಕೋ ಒಂದು ಸಲವೋ ಎಂದು ಅವರು ಕೇಳಲಿಲ್ಲ, ಒಂದು ಒತ್ತಿ ನೋಡಿ ಮತ್ತೊಂದು ಒತ್ತಿದರು. ನೀಲಿ ಪರದೆ ಬಂದಾಗ ಅಕ್ಷರ ಅಕ್ಷರ ಓದಿ ಮೊಹರು ಸೇರಿಸಿದರು. ವೈಫೈ ಗುರುತು ಬಂದೊಡನೆ ಕುರ್ಚಿಯಿಂದ ಎದ್ದು ನಿಂತು, "ಬಂತ್ರೆವಾ!" ಎಂದು ಕೂಗಿದರು. ತುಂಬಿದ ಬಸ್ಸಿನ ಹಿಂಬಾಗಿಲಿಗೆ ಕೇಳುವ ದನಿ ಅದು.

ಆಗಲೇ ನಿಶ್ಚಯ ಮಾಡಿದೆ. ಉಳಿದ ಒಂದನ್ನೂ ನಾನು ಮಾಡುವುದಿಲ್ಲ. ಶನಿವಾರದ ತರಗತಿಯಲ್ಲಿ ಲೆಕ್ಕ ಬೇಡ, ಇದೇ ಪಾಠ. ಯಾರು ಯಾವ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಬರೆಯುತ್ತಾರೋ ಅದರ ಡ್ರೈವರನ್ನು ಅವರೇ ಹಾಕಬೇಕು. ಕಾಕಾಗೆ ಇದು ಸರಿ ಬರಲಿಲ್ಲ. "ಮರುದಿನ ಪರೀಕ್ಷಾ ಇಟಗೊಂಡು ಶನಿವಾರ ಎಲ್ಲಾರ ಕೈಯಾಗ ಕೊಡ್ತೀರಲ್ರಿ, ಮತ್ತ ಎರಡ ಮಶೀನು ಕೆಟ್ರ?" ನನಗೂ ಆ ಭಯ ಇರಲಿಲ್ಲ ಎಂದಲ್ಲ. ಆದರೆ ಮೌಸಿನಿಂದ ದೂರ ಸರಿಯುವ ಕೈ ಪರೀಕ್ಷೆಯ ದಿನವೂ ಹಾಗೇ ಸರಿಯುತ್ತದೆ. "ಕೆಟ್ರ ನಾನ ಮತ್ತ ಲಿನಕ್ಸ್ ಹಾಕಿ ಕೊಡ್ತೇನ್ರಿ" ಎಂದೆ.

ಶನಿವಾರ ಭವನದಲ್ಲಿ ಪಾಠ ನಡೆಯುತ್ತಿದೆಯೋ ಮದುವೆಯೋ ಎನ್ನುವಷ್ಟು ಗದ್ದಲ. ವಯರು ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು; ಅದರ ಉಸ್ತುವಾರಿ ಕಾಕಾ ಅವರದು, ಯಾರ ಕಾಲಿಗೂ ಸಿಗದಂತೆ ಎತ್ತಿ ಹಿಡಿದು ನಡೆಯುತ್ತಿದ್ದರು. ಕಂಡಕ್ಟರ್ ನನ್ನ ಕೆಲಸವನ್ನು ಅರ್ಧ ಕಸಿದುಕೊಂಡರು. "ನೀಲಿ ಬಂತು, ನೀಲಿ ಬಂತು! ಯಾವುದರ ಒಂದು ಕೀ ಒತ್ತ್ರಿ ಲಗೂ, ಇಲ್ಲಂದ್ರ ಮುಂದ ಹೊಕ್ಕೈತಿ! ಓದ್ರಿ, ಓದಿ ಒತ್ತ್ರಿ!" ಆ ಪರದೆ ನಮಗಾಗಿ ಬಹಳ ಹೊತ್ತು ಕಾಯುವುದಿಲ್ಲ. ಹೊಲಿಗೆಯವರು ನಿಧಾನಕ್ಕೆ ಓದುತ್ತಿರುವಾಗಲೇ ಅದು ಹೋಗಿಬಿಟ್ಟಿತು. ಅವರು ಬೇಸರ ಮಾಡಿಕೊಳ್ಳದೆ ಮೊದಲಿಂದ ಶುರು ಮಾಡಿದರು. ಹೊಲಿಗೆ ಬಿಚ್ಚಿ ಮತ್ತೆ ಹಾಕುವುದು ಅವರಿಗೆ ಹೊಸದಲ್ಲ.

ಎರಡನೆಯ ಸಲ ಎಲ್ಲ ಸರಿಯಾಗಿ ಮಾಡಿದರೂ ಅವರ ಲ್ಯಾಪ್‌ಟಾಪಿನಲ್ಲಿ ವೈಫೈ ಹೆಸರುಗಳು ಬರಲಿಲ್ಲ. ಗುರುತು ಬಂದಿತ್ತು, ಡ್ರೈವರ್ ಇತ್ತು, ಮೊಹರೂ ಸೇರಿತ್ತು. ಅವರ ಮುಖ ಸಣ್ಣದಾಯಿತು. "ನಂದ ತಪ್ಪೇನ್ರಿ?"

ಮತ್ತೆ ಕೇಳಿ ನೋಡುವುದೇ ದಾರಿ. rfkill list ಎಂಬ ಆಜ್ಞೆ, ವೈಫೈನ ರೇಡಿಯೋವನ್ನು ಯಾರಾದರೂ ತಡೆದು ಇಟ್ಟಿದ್ದಾರೆಯೇ ಎಂದು ಹೇಳುತ್ತದೆ. ತಂತ್ರಾಂಶದ ತಡೆ ಇಲ್ಲ, ಯಂತ್ರದ ತಡೆ ಇದೆ ಎಂದು ಬಂತು. ಅಂದರೆ ಲ್ಯಾಪ್‌ಟಾಪಿನ ಮೈಮೇಲೆ ಎಲ್ಲೋ ಒಂದು ಸ್ವಿಚ್ ಇರಬೇಕು. ಅದನ್ನು ಎತ್ತಿ, ಮಗುವಿನ ಮೈ ನೋಡುವಂತೆ ನಾಲ್ಕೂ ಬದಿ ತಿರುಗಿಸಿ ನೋಡಿದೆ. ಮುಂದಿನ ಅಂಚಿನ ಕೆಳಗೆ ಒಂದು ಪುಟ್ಟ ಜಾರುಗುಂಡಿ. ತರುವಾಗ ಸಾಗಾಟದಲ್ಲಿ ಸರಿದುಹೋಗಿರಬೇಕು. ನನ್ನ ಬೆರಳಿಗೆ ಅದು ಸಿಗಲಿಲ್ಲ. ಹೊಲಿಗೆಯವರು ತಮ್ಮ ಉಗುರಿನಿಂದ ಸರಿಸಿದರು. ವೈಫೈ ಹೆಸರುಗಳು ಒಟ್ಟಿಗೇ ಬಂದು ಬಿದ್ದವು.

"ನಿಮ್ಮ ತಪ್ಪಲ್ಲ. ಇಷ್ಟು ಸಣ್ಣ ಗುಂಡಿ ಇಟ್ಟವರದು" ಎಂದೆ. ನಾನು ಕೆಡಿಸಿ ಮೂಲೆಯಲ್ಲಿಟ್ಟಿದ್ದ ಲ್ಯಾಪ್‌ಟಾಪಿಗೂ ಆ ಸಂಜೆ ಲಿನಕ್ಸ್ ಹೊಸದಾಗಿ ಹಾಕಿದೆ. ಅದರ ಡ್ರೈವರನ್ನು ಕಾಕಾ ಅವರೇ ಹಾಕಿದರು. ಬೇಡವೆಂದರೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಎಲ್ಲರೂ ಟೈಪ್ ಮಾಡಬೇಕಾದ ನನ್ನ ಲ್ಯಾಪ್‌ಟಾಪಿನ ವಿಳಾಸವನ್ನು ಹಲಗೆಯ ಮೇಲೆ ಬರೆದೆ. ಒಂದೊಂದೇ ಪರದೆಯಲ್ಲಿ ಪ್ರಶ್ನೆಪತ್ರಿಕೆ ತೆರೆದುಕೊಂಡಿತು. ಆಮೇಲೆ ಒತ್ತುವ ಸದ್ದು ಬಿಟ್ಟರೆ ಭವನದಲ್ಲಿ ಮೌನ. ನಡುವೆ ಹೊಲಿಗೆಯವರ ಪರದೆಯಲ್ಲಿ ಸಂಪರ್ಕ ಕಡಿದದ್ದು ನನಗೆ ದೂರದಿಂದಲೇ ಕಂಡಿತು. ನಾನು ಅರ್ಧ ಎದ್ದೆ. ಕಾಕಾ ನನ್ನ ಕಡೆ ಕೈ ಮಾಡಿ, "ಕುಂದರ್ರಿ, ನೋಡೂಣು" ಎಂದು ಪಿಸುಗುಟ್ಟಿದರು. ಹೊಲಿಗೆಯವರು ತಲೆ ಎತ್ತಿ ಯಾರನ್ನೂ ನೋಡಲಿಲ್ಲ. ಬಲತುದಿಗೆ ಬಾಣ ಒಯ್ದು, ಭವನದ ಹೆಸರನ್ನು ಆಯ್ದು, ಮತ್ತೆ ಜೋಡಿಸಿಕೊಂಡು, ಬಿಟ್ಟ ಪ್ರಶ್ನೆಯಿಂದ ಮುಂದುವರಿದರು. ಕಾಕಾ ನನ್ನನ್ನು ಚಹಾಕ್ಕೆ ಹೊರಗೆ ಕರೆದೊಯ್ದರು. ಒಳಗಿನಿಂದ ಯಾರೂ ನಮ್ಮನ್ನು ಕೂಗಲಿಲ್ಲ.

ಪರೀಕ್ಷೆ ಮುಗಿದೊಡನೆ ಅಂಕಗಳು ಪರದೆಗೆ ಬಂದವು. ಕೆಲವರು ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಬರೆದಿದ್ದರು. ಕಂಡಕ್ಟರ್ ಅವರದು ಸಾಧಾರಣ. ಅವರು ಬಹಳ ಹೊತ್ತು ಪರದೆ ನೋಡುತ್ತಲೇ ಕೂತಿದ್ದರು. ಸಮಾಧಾನದ ಮಾತು ಹುಡುಕುತ್ತ ನಾನು ಹತ್ತಿರ ಹೋದೆ. ಅವರು ತಪ್ಪಿದ ಪ್ರಶ್ನೆಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದರು.

"ಒತ್ತಿದ್ದು ಎಲ್ಲಾ ಉಳದಾವ್ರಿ ಅಕ್ಕೋರ. ಒಂದೂ ಕಳದಿಲ್ಲ. ಹೋಗಿದ್ದೆಲ್ಲಾ ಶೇಕಡಾ ಲೆಕ್ಕದಾಗ. ಇನ್ನ ತಪ್ಪು ಕಂಪ್ಯೂಟರ್ ಮ್ಯಾಲೆ ಹಾಕಾಕ ಬರೂದಿಲ್ಲ" ಎಂದು ನಕ್ಕರು. "ನನಗ ಇವತ್ತ ಡ್ಯೂಟಿ ಇಲ್ರಿ. ನೀವು ಈಗ ಹೇಳಿಕೊಡ್ತೀರೇನು?"

ನಿಜವಾದ ಪರೀಕ್ಷೆಗೆ ಇನ್ನೂ ಒಂದು ವಾರವಿತ್ತು. ಬೇರೆಯವರೂ ಎದ್ದು ಹೋಗಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಕುರ್ಚಿ ತಿರುಗಿಸಿದರು. ನಾನು ಹಲಗೆಯ ಮೇಲಿದ್ದ ವಿಳಾಸವನ್ನು ಅಳಿಸಿ, ಕೊಂಡ ಬೆಲೆ, ಮಾರಿದ ಬೆಲೆ ಎಂದು ಬರೆದು ಶುರು ಮಾಡಿದೆ.